ಡಿಜಿಟಲ್ ಪತ್ರಿಕೋದ್ಯಮದಲ್ಲಿ ಎಂ.ಎ.: ಮೈಸೂರಿಗೆ ಬರಲಾ, ಇರೋ ಕೆಲ್ಸದಲ್ಲೇ ಕಲೀಲಾ?

ನಾಲೆಬದಿ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಹಳ್ಳಿಯವಳು. ಬಿ.ಎ. ಕೊನೇ ಸೆಮಿಸ್ಟರ್, ಪತ್ರಿಕೋದ್ಯಮ ಒಂದು ವಿಷಯ. ಎಂಟು ತಿಂಗಳಿಂದ ಒಂದು ವೆಬ್ ಸುದ್ದಿ ತಾಣಕ್ಕೆ ಮನೆಯಿಂದಲೇ ಬರೀತಿದ್ದೀನಿ, ಹೆಸರು ಬೇಡ. ಬರೆಯೋದು ಅಂದ್ರೆ ಗೊತ್ತಲ್ಲ, ಬೇರೆ ಕಡೆ ಬಂದಿದ್ದನ್ನ ತಿರುವಿ ಹಾಕೋದು. ದಿನಕ್ಕೆ ಎಂಟು ಸುದ್ದಿ, ಒಂದಕ್ಕೆ ಇಷ್ಟು ಅಂತ ದುಡ್ಡು.

ಮೈಸೂರು ವಿವಿಯ ಮಾನಸಗಂಗೋತ್ರಿಗೆ ಅರ್ಜಿ ಹಾಕೋಣ ಅಂತಿದ್ದೀನಿ. ಸಂಪಾದಕರು "ಎರಡು ವರ್ಷ ದಂಡ ಕಣಮ್ಮ, ಅಲ್ಲಿ ಕಲಿಸೋದನ್ನ ನಾನು ಎರಡು ತಿಂಗಳಲ್ಲಿ ಕಲಿಸ್ತೀನಿ" ಅಂತಾರೆ. ಅಪ್ಪ ಬಿ.ಎಡ್. ಮಾಡ್ಕೊ ಅಂತಾರೆ.

ನನಗೆ ಈ ಯೋಚನೆ ಬಂದಿದ್ದೇ ಒಂದು ತಪ್ಪಿನಿಂದ. ಕೆಆರ್‌ಎಸ್ 100 ಅಡಿ ಮುಟ್ಟಿದ ದಿನ ಸುದ್ದಿ ಮಾಡಿದೆ. ಗರಿಷ್ಠ 124.80 ಅಡಿ, ಇವತ್ತು 100, ಭಾಗಿಸಿದರೆ ಶೇ 80. "ಶೇ 80ರಷ್ಟು ಭರ್ತಿಯಾದ ಕೆಆರ್‌ಎಸ್, ರೈತರಲ್ಲಿ ಸಂತಸ" ಅಂತ ತಲೆಬರಹ ಕೊಟ್ಟೆ. ಚೆನ್ನಾಗಿ ಓಡಿತು. ಕೆಳಗೆ ಕಾಮೆಂಟಲ್ಲಿ ಯಾರೋ "ನೀನು ಅಣೆಕಟ್ಟೆ ನೋಡಿದ್ದೀಯೇನವ್ವಾ" ಅಂತ ಬರೆದಿದ್ದರು. ನೂರಾರು ಸಲ ನೋಡಿದ್ದೀನಿ, ನಮ್ಮ ಗದ್ದೆಗೆ ನೀರು ಬರೋದೇ ಅಲ್ಲಿಂದ. ಎಲ್ಲಿ ತಪ್ಪಿದ್ದೀನಿ ಅಂತ ಗೊತ್ತಾಗೋಕೆ ಎರಡು ದಿನ ಹಿಡೀತು. ತಿದ್ದಿ ಅಂದ್ರೆ "ವ್ಯೂಸ್ ಬರ್ತಾ ಇದೆ, ಬಿಡು" ಅಂದ್ರು. ಈಗಲೂ ಹಾಗೇ ಇದೆ.

ಎಂ.ಎ. ಮಾಡಿದರೆ ಇಂಥದ್ದು ಕಲಿಸ್ತಾರಾ? ಅಥವಾ ಅಲ್ಲೂ ಬರೀ ಥಿಯರಿನಾ?

ರಾತ್ರಿಪಾಳಿ · ಭಾನುವಾರ ರಾತ್ರಿ 11.55

ತಂಗಿ, ನಾನು ಮೈಸೂರಿನವನು, ಗಂಗೋತ್ರಿಯಲ್ಲೇ ಎಂ.ಎ. ಮಾಡಿ ಈಗ ಬೆಂಗಳೂರಿನಲ್ಲಿ ಒಂದು ವೆಬ್ ಡೆಸ್ಕಿನಲ್ಲಿ ರಾತ್ರಿ ಪಾಳಿ. ನಿನ್ನ ಶೇ 80ರ ತಪ್ಪನ್ನ ನಮ್ಮ ಡೆಸ್ಕಿನಲ್ಲಿ ವರ್ಷಕ್ಕೊಬ್ಬರಾದರೂ ಮಾಡ್ತಾರೆ, ನಾಚಿಕೆ ಬೇಡ.

ಬೇರೆ ಓದುಗರಿಗಾಗಿ ಹೇಳ್ತೀನಿ. ಜಲಾಶಯ ಅಂದ್ರೆ ನೆಟ್ಟಗೆ ನಿಂತ ಡ್ರಮ್ಮಲ್ಲ, ಬಾಣಲೆ ಥರ. ತಳ ಕಿರಿದು, ಮೇಲೆ ಹೋದಷ್ಟೂ ಅಗಲ. 124.80 ಅಡಿಗೆ 49.45 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಹಿಡಿಯೋ ಕಟ್ಟೆಯಲ್ಲಿ 100 ಅಡಿಗೆ ಸುಮಾರು 23 ಟಿಎಂಸಿ. ಅಂದ್ರೆ ಅರ್ಧಕ್ಕೂ ಕಮ್ಮಿ. ಮೇಲಿನ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರಿದೆ. "ಶೇ 80" ಅಂತ ಓದಿದ ರೈತ ಭತ್ತದ ಒಟ್ಲು, ಅಂದ್ರೆ ಸಸಿ ಮಡಿ, ಹಾಕಿಬಿಟ್ಟರೆ?

ಇನ್ನೊಂದು ಲೆಕ್ಕ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರ್ಕೊ: ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯುಸೆಕ್ ಇಡೀ ದಿನ ಒಂದೇ ಸಮ ಹರಿದರೆ 1 ಟಿಎಂಸಿ. ಇದೊಂದು ಗೊತ್ತಿದ್ದರೆ ಮಳೆಗಾಲದಲ್ಲಿ ಬರೋ ಅರ್ಧ ಸುಳ್ಳುಗಳನ್ನ ಕೂತಲ್ಲೇ ಹಿಡೀಬಹುದು.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಎಂ.ಎ.ನಲ್ಲಿ ಇದನ್ನ ಯಾರೂ ನೇರವಾಗಿ ಕಲಿಸಲಿಲ್ಲ. ಆದರೆ ಒಂದು ಸುದ್ದಿಯ ಹಿಂದೆ ಮೂರು ವಾರ ಬೀಳೋಕೆ ಬಿಟ್ಟಿದ್ದು ಅಲ್ಲಿ ಮಾತ್ರ. ಆಮೇಲಿನ ಆರು ವರ್ಷದಲ್ಲಿ ಒಂದೇ ಸುದ್ದಿಗೆ ಮೂರು ಗಂಟೆ ಸಿಕ್ಕಿದ ದಿನ ನೆನಪಿಲ್ಲ.

ಒಂಟಿಕೊಪ್ಪಲು ಹುಡ್ಗ · ಸೋಮವಾರ ಬೆಳಿಗ್ಗೆ 8.10

ಮೂರು ವಾರ ಒಂದು ಸುದ್ದಿ ಹಿಂದೆ ಬೀಳೋಕೆ ವಿಶ್ವವಿದ್ಯಾಲಯ ಯಾಕೆ ಬೇಕು ಗುರು? ಮನೇಲಿ ಕೂತು ಬೀಳಬಹುದಲ್ಲ.

ವಿಡಿಯೊ ಎಡಿಟಿಂಗು, ಎಸ್‌ಇಒ, ಡೇಟಾ ಎಲ್ಲ ಯೂಟ್ಯೂಬಲ್ಲಿ ಪುಕ್ಕಟೆ. ಅಲ್ಲ, ಈ ಊರಿನ ಚರಿತ್ರೆನೇ ನೋಡಿ. 1935ರಲ್ಲಿ ನಮ್ಮ ಮೈಸೂರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರೊಫೆಸರು. ಇಡೀ ದೇಶ ಈಗ ಕರೆಯೋ "ಆಕಾಶವಾಣಿ" ಅನ್ನೋ ಹೆಸರು ಆ ರೇಡಿಯೊದ್ದು. ವೃತ್ತಾಂತ ಚಿಂತಾಮಣಿ, ಸಾಧ್ವಿ ನಡೆಸಿದ ತಾತಯ್ಯ, ಅಂದ್ರೆ ಎಂ. ವೆಂಕಟಕೃಷ್ಣಯ್ಯ, ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರು. ಇವರಲ್ಲಿ ಯಾರಿಗಿತ್ತು ಪತ್ರಿಕೋದ್ಯಮದ ಡಿಗ್ರಿ?

ಎರಡು ವರ್ಷದ ಸಂಬಳ, ಹಾಸ್ಟೆಲ್ಲು, ಫೀಸು ಕೂಡಿಸಿ ನೋಡಮ್ಮ. ಅದರಲ್ಲಿ ಒಳ್ಳೇ ಲ್ಯಾಪ್‌ಟಾಪು, ಮೈಕು, ಕ್ಯಾಮೆರಾ ಬಂದು ಮಿಗುತ್ತೆ.

ಅತಿಥಿ ಮೇಷ್ಟ್ರು · ಸೋಮವಾರ ಮಧ್ಯಾಹ್ನ 1.25

ಒಂಟಿಕೊಪ್ಪಲಿನವರ ಉದಾಹರಣೆ ಚೆನ್ನಾಗಿದೆ, ಆದರೆ ಅದು ಅವರ ವಾದಕ್ಕೇ ತಿರುಗಿ ನಿಲ್ಲುತ್ತೆ. ಗೋಪಾಲಸ್ವಾಮಿಯವರಿಗೆ ಮನಶ್ಶಾಸ್ತ್ರ ಗೊತ್ತಿತ್ತು. ತಾತಯ್ಯನವರಿಗೆ ಶಾಲೆ ಗೊತ್ತಿತ್ತು, ಊರಿನ ಬಡವರ ಮನೆ ಗೊತ್ತಿತ್ತು. ಮಾಧ್ಯಮದ ಜೊತೆಗೆ ಇನ್ನೊಂದು ಗಟ್ಟಿ ವಿಷಯ ಇತ್ತು ಅಂತಾಯಿತಲ್ಲ. ಯೂಟ್ಯೂಬಿನಲ್ಲಿ ಟೈಮ್‌ಲೈನ್ ಮೇಲೆ ಕ್ಲಿಪ್ ಕತ್ತರಿಸೋದು ಕಲಿಯಬಹುದು. ಯಾವುದನ್ನ ಕತ್ತರಿಸಬೇಕು ಅನ್ನೋದಕ್ಕೆ ಇನ್ನೊಂದು ವಿಷಯ ಬೇಕು.

ಇನ್ನು ಚರಿತ್ರೆ ಅಂದಿರಿ, ಅದರ ಮುಂದಿನ ಪುಟವನ್ನೂ ಓದಿ. 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರು ಮಾಡಿದಾಗಲೂ ಜನ ಇದನ್ನೇ ಕೇಳಿರಬೇಕು, ಪೇಪರ್ ಕೆಲಸಕ್ಕೆ ಕಾಲೇಜು ಯಾಕೆ ಅಂತ. ಆ ತರಗತಿಯ ಬೇರಿನಿಂದ ಬಂದದ್ದೇ ಇವತ್ತಿನ ಗಂಗೋತ್ರಿಯ ವಿಭಾಗ.

ನಾನೊಬ್ಬ ಅತಿಥಿ ಉಪನ್ಯಾಸಕ, ಎಲ್ಲಿ ಅಂತ ಹೇಳಲ್ಲ. ಒಳಗಿನವನಾಗಿ ಸತ್ಯ ಹೇಳ್ತೀನಿ. ಪಠ್ಯಕ್ರಮದಲ್ಲಿ "ಡಿಜಿಟಲ್" ಅನ್ನೋ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ ಸೇರಬೇಡಿ. ನಾನು ಪಾಠ ಮಾಡುವ ಕಡೆ ನಲವತ್ತು ಮಕ್ಕಳಿಗೆ ನಾಲ್ಕು ಕ್ಯಾಮೆರಾ, ಅದರಲ್ಲಿ ಒಂದರ ಬ್ಯಾಟರಿ ಬಾತುಕೊಂಡಿದೆ. ವೆಬ್ ಪತ್ರಿಕೋದ್ಯಮದ ಪತ್ರಿಕೆಗೆ ಉತ್ತರ ಬರೆಯೋದು ಇಂದಿಗೂ ಪೆನ್ನಿನಲ್ಲಿ, ಗೆರೆ ಹಾಕಿದ ಪುಸ್ತಕದಲ್ಲಿ. ಹೈಪರ್‌ಲಿಂಕ್ ಎಂದರೇನು, ಐದು ಅಂಕ.

ಹಾಗಿದ್ದೂ ಸೇರು ಅಂತೀನಮ್ಮ, ಕಾರಣ ಮೂರಲ್ಲ, ಒಂದೇ: ಆ ಕ್ಯಾಂಪಸ್ಸು. ಸಿಬಿಸಿಎಸ್ ಪದ್ಧತಿಯಲ್ಲಿ ಮುಕ್ತ ಆಯ್ಕೆ ಅಂತ ಒಂದು ಪತ್ರಿಕೆಯನ್ನ ಬೇರೆ ವಿಭಾಗದಲ್ಲಿ ಓದಬೇಕು. ಹೆಚ್ಚಿನ ಮಕ್ಕಳು ಯಾವುದರಲ್ಲಿ ಅಂಕ ಸುಲಭ, ಯಾವುದು ಹಾಸ್ಟೆಲ್ಲಿಗೆ ಹತ್ತಿರ ಅಂತ ನೋಡಿ ಆರಿಸ್ತಾರೆ. ನೀನು ಭೂಗೋಳವನ್ನೋ ಅರ್ಥಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ತಗೋ. ಅಡಿಗೂ ಟಿಎಂಸಿಗೂ ಇರುವ ಸಂಬಂಧವನ್ನ ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ವಕ್ರರೇಖೆ ಎಳೆದು ಐದು ನಿಮಿಷದಲ್ಲಿ ತೋರಿಸ್ತಾರೆ. ಪಕ್ಕದಲ್ಲೇ ಭಾರತೀಯ ಭಾಷಾ ಸಂಸ್ಥಾನ ಇದೆ, ವಿಡಿಯೊ ಪಾಠ ತಯಾರಿಸುವ ಇಎಂಎಂಆರ್‌ಸಿ ಇದೆ. ಕೇಳಿದರೆ ಬಾಗಿಲು ತೆಗೀತಾರೆ. ಕೇಳೋರೇ ಕಮ್ಮಿ.

ಮುಂದೆ ಪಾಠ ಮಾಡುವ ಆಸೆಯಿದ್ದರೆ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗೆ ಹೇಗೂ ಎಂ.ಎ. ಬೇಕು. ಆದರೆ ಅದನ್ನೇ ನಂಬಿ ಬರಬೇಡ. ನನ್ನನ್ನ ನೋಡು.

ಹೆಬ್ಬಾಳ ಮೊದಲನೇ ಹಂತ · ಸೋಮವಾರ ಸಂಜೆ 4.02

ವಿಷಯಾಂತರಕ್ಕೆ ಕ್ಷಮಿಸಿ, ವಿಡಿಯೊ ಎಡಿಟಿಂಗಿಗೆ ಎಂಟು ಜಿಬಿ ರ್‍ಯಾಮ್ ಸಾಕಾ?

ರಾತ್ರಿಪಾಳಿ · ಸೋಮವಾರ ಸಂಜೆ 4.30

ಸಾಕಾಗಲ್ಲ. ಹದಿನಾರು ತಗೊಳ್ಳಿ.

ಆಲೆಮನೆ · ಸೋಮವಾರ ರಾತ್ರಿ 8.15

ನಾನು ತಾಲ್ಲೂಕು ವರದಿಗಾರ, ಹತ್ತೊಂಬತ್ತು ವರ್ಸದಿಂದ. ಓದಿರಾದು ಪಿಯುಸಿ. ಓದ್ಬ್ಯಾಡ ಅಂತ ಏಳಕ್ಕೆ ಬಂದಿಲ್ಲ ಕಣವ್ವ, ಓದು. ಆದ್ರೆ ವಸಿ ಕೇಳು.

ನೀನು ಮನೇಲಿ ಕುಂತು ತಿರುವಿ ಹಾಕ್ತಿದ್ದೀಯಲ್ಲ, ಅದು ಸುದ್ದಿ ಅಲ್ಲ. ನಿಮ್ಮೂರ್ ನೀರುಗಂಟಿನ, ಅದೇ ಗದ್ದೆಗೆ ನಾಲೆ ನೀರು ಬುಡೋನ್ನ, ಯಾವತ್ತಾದ್ರೂ ಮಾತಾಡ್ಸಿದ್ಯಾ? ನಾಲೆಗೆ ಕಟ್ಟು ಪದ್ಧತೀಲಿ ನೀರು ಬುಡ್ತಾರೆ, ಇಷ್ಟು ದಿನ ಬುಡೋದು, ಇಷ್ಟು ದಿನ ನಿಲ್ಸೋದು. ಕೊನೇ ಭಾಗದವನ ಗದ್ದೆಗೆ ನೀರು ತಲುಪೋ ಹೊತ್ಗೆ ಮೇಲೆ ನಿಲ್ಸಿರ್ತಾರೆ. ಕಟ್ಟೇಲಿ ನೂರಡಿ ಇದ್ರೆ ಅವನಿಗೇನು, ನೂರಿಪ್ಪತ್ತು ಇದ್ರೆ ಅವನಿಗೇನು? ಈ ಸುದ್ದಿ ಬೆಂಗಳೂರ್ ಡೆಸ್ಕಿಗೆ ಗೊತ್ತಾಗಕ್ಕಿಲ್ಲ. ನಿಂಗೆ ಗೊತ್ತಾಯ್ತದೆ, ಯಾಕಂದ್ರೆ ನೀನು ನಾಲೆ ಬದೀಲಿ ಉಟ್ಟಿದ್ದೀಯ.

ಇನ್ನೊಂದು. 2024ರ ಆಗಸ್ಟಲ್ಲಿ ತುಂಗಭದ್ರೆ 19ನೇ ಗೇಟು ಕೊಚ್ಕೊಂಡೋಯ್ತಲ್ಲ, ಅದಾದ್ಮೇಲೆ ನಮ್ ಸೊಸೈಟಿ ವಾಟ್ಸ್ಯಾಪ್ ಗುಂಪಿಗೆ "ಕೆಆರ್‌ಎಸ್ ಗೇಟು ಮುರೀತು, ಓಡಿ" ಅಂತ ವಿಡಿಯೊ ಬಂತು. ನದಿ ದಡದ ಊರಿಂದ ಒಂದೇ ಸಮ ಫೋನು. ನಂಗೆ ಯಾವ ಸಾಫ್ಟ್‌ವೇರೂ ಗೊತ್ತಿಲ್ಲ. ವಿಡಿಯೊ ನಿಲ್ಸಿ ಗೋಡೆ ನೋಡ್ದೆ. ನುಣ್ಣಗೆ ಸಿಮೆಂಟ್ ಗೋಡೆ. ನಮ್ ಕಟ್ಟೆ ಕಲ್ಲಿಂದು, ಸುರ್ಕಿ ಗಾರೆ ಹಾಕಿ ಕಟ್ಟಿರಾದು. ಕಲ್ಲಿನ ಸಾಲು ಕಾಣ್ಲಿಲ್ಲ ಅಂದ್ಮೇಲೆ ಅದು ನಮ್ದಲ್ಲ. ಎರಡೇ ನಿಮಿಷ.

ರಾತ್ರಿಪಾಳಿ · ಸೋಮವಾರ ರಾತ್ರಿ 11.40

ಆಲೆಮನೆ ಅಣ್ಣ, ನಿಮ್ಮ ಗೋಡೆ ಪರೀಕ್ಷೆಗೆ ಅಡ್ಡಬಿದ್ದೆ. ನಾವು ಅದೇ ಕೆಲಸವನ್ನ ಇನ್‌ವಿಡ್ ಅನ್ನೋ ಉಪಕರಣದಲ್ಲಿ ವಿಡಿಯೊದಿಂದ ಚಿತ್ರ ಬಿಡಿಸಿ, ಗೂಗಲ್ ಲೆನ್ಸಿಗೆ ಹಾಕಿ, ಹಳೇ ವಿಡಿಯೊ ಎಲ್ಲಿದು ಅಂತ ಹುಡುಕ್ತೀವಿ. ನಿಮ್ಮದು "ಇದು ನಮ್ಮದಲ್ಲ" ಅಂತ ಹೇಳುತ್ತೆ, ನಮ್ಮದು "ಹಾಗಾದರೆ ಯಾವುದು" ಅಂತ ಹೇಳುತ್ತೆ. ಎರಡೂ ಬೇಕು. ತಂಗಿಗೆ ಒಂದು ಕಿವಿಮಾತು: ವಾಟ್ಸ್ಯಾಪಿನಲ್ಲಿ ಫೋಟೊ ಆಗಿ ಬಂದ ಚಿತ್ರದಲ್ಲಿ ತೆಗೆದ ದಿನ, ಜಾಗದ ಮಾಹಿತಿ ಅಳಿಸಿಹೋಗಿರುತ್ತೆ. ತೆಗೆದವರನ್ನೇ ಹುಡುಕಿ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಬೇಕು.

ಡೆಸ್ಕಿನಲ್ಲಿ ಕಲಿಯಬಹುದು ಅಂತ ಹೇಳೋರಿಗೆ ಒಂದು ಪ್ರಸಂಗ. ಒಂದು ತಾಣದಲ್ಲಿ (ಈಗ ಅಲ್ಲಿಲ್ಲ) ಶಾಲಾ ಬಾಲಕಿಯ ಮೇಲಿನ ದೌರ್ಜನ್ಯದ ಸುದ್ದಿ ಬಂತು. ಹೆಸರು ತೆಗೆದೆವು, ಮುಖ ಮಸುಕು ಮಾಡಿದೆವು, ತಲೆಬರಹದಿಂದ ಊರಿನ ಹೆಸರೂ ತೆಗೆದೆವು. ಎಲ್ಲ ಸರಿ ಅಂದುಕೊಂಡು ಟೀ ಕುಡಿಯೋಕೆ ಹೋದೆ. ವಾಪಸ್ ಬಂದು ಲಿಂಕ್ ನೋಡ್ತೀನಿ, ಅದರೊಳಗೆ ಊರು, ಶಾಲೆ ಎರಡೂ ಕೂತಿವೆ! ಮೊದಲು ಬರೆದ ತಲೆಬರಹದಿಂದ ಲಿಂಕು ತಾನೇ ಹುಟ್ಟಿಕೊಂಡಿತ್ತು, ತಲೆಬರಹ ಬದಲಿಸಿದರೂ ಅದು ಬದಲಾಗಿರಲಿಲ್ಲ. ಅಷ್ಟರಲ್ಲಿ ಜನ ಹಂಚಿಕೊಂಡಾಗಿತ್ತು. ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ನೆರೆಹೊರೆ, ಗುರುತು ಹಿಡಿಯುವಂಥ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಆಗಬಹುದು. ಕಲಂ ನನಗೆ ಗೊತ್ತಿತ್ತು, ತರಗತಿಯಲ್ಲಿ ಓದಿದ್ದೆ, ಅದಕ್ಕೇ ಲಿಂಕ್ ನೋಡಬೇಕು ಅಂತ ಹೊಳೆಯಿತು. ಪಕ್ಕದ ಹುಡುಗ "ಲಿಂಕ್ ಯಾರು ಓದ್ತಾರೆ ಬ್ರೋ" ಅಂದ. ಅವನಿಗೆ ನನಗಿಂತ ವೇಗವಾಗಿ ಟೈಪಿಸೋಕೆ ಬರುತ್ತೆ.

ಒಂಟಿಕೊಪ್ಪಲು ಹುಡ್ಗ · ಮಂಗಳವಾರ ಬೆಳಿಗ್ಗೆ 7.50

ಆಯ್ತು, ಕಾನೂನಿನ ವಿಷಯದಲ್ಲಿ ಸೋತೆ. ಆದರೆ ಅದನ್ನ ಒಂದು ಪುಸ್ತಕದಲ್ಲಿ ಓದಬಹುದು ಅನ್ನೋ ಮಾತು ವಾಪಸ್ ತಗೊಳಲ್ಲ.

ರಾತ್ರಿಪಾಳಿಯವರೇ, ಎಂ.ಎ. ಮುಗಿಸಿದ ಮೇಲೆ ಮೊದಲ ಸಂಬಳ ಎಷ್ಟು ಬಂತು? ಅದನ್ನ ಯಾಕೆ ಯಾರೂ ಹೇಳ್ತಿಲ್ಲ?

ರಾತ್ರಿಪಾಳಿ · ಮಂಗಳವಾರ ಮಧ್ಯಾಹ್ನ 12.15

ಹದಿಮೂರು ಸಾವಿರ ಕೈಗೆ. ಬೆಂಗಳೂರಿನಲ್ಲಿ. ಪಿ.ಜಿ. ಬಾಡಿಗೆ ಕಳೆದು ಉಳಿದದ್ದರಲ್ಲಿ ರಾತ್ರಿ ಇಡ್ಲಿ. ಎಂ.ಎ. ಇಲ್ಲದೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನಿಗೂ ಅಷ್ಟೇ. ಈ ವಿಷಯದಲ್ಲಿ ನೀವು ಗೆದ್ದಿರಿ.

ನಾಲೆಬದಿ · ಮಂಗಳವಾರ ರಾತ್ರಿ 9.20

ಎಲ್ಲರಿಗೂ ಥ್ಯಾಂಕ್ಸ್. ಹದಿಮೂರು ಸಾವಿರ ಅಂತ ಅಪ್ಪನ ಮುಂದೆ ಹೇಳಲ್ಲ 🙂

ಓಡಾಟದ ಖರ್ಚು ದೊಡ್ಡ ತಲೆನೋವಲ್ಲ. ಮಂಡ್ಯದಿಂದ ಮೈಸೂರು 45 ಕಿ.ಮೀ. ಆಸುಪಾಸು, ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಕಳಿಗೆ ಬಸ್ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದ್ರೆ ಆಯ್ತು. ಊರಿಂದ ಮಂಡ್ಯಕ್ಕೆ ಬೆಳಿಗ್ಗೆ ಇರೋ ಒಂದೇ ಬಸ್ಸು ತಪ್ಪಿದ್ರೆ ಮಾತ್ರ ಕಷ್ಟ. ಕೆಲಸ ಮಾಡ್ತಾ ಮುಕ್ತಗಂಗೋತ್ರಿಯಲ್ಲಿ ಮುಕ್ತ ವಿವಿಯ ಎಂ.ಎ. ಮಾಡು ಅಂತ ಅಕ್ಕ ಹೇಳ್ತಿದ್ದಾಳೆ. ಆದರೆ ಆಗ ಮತ್ತೆ ಅದೇ ಎಂಟು ಸುದ್ದಿ.

ನಿಜವಾದ ಭಯ ಇಂಗ್ಲಿಷು. ಪುಸ್ತಕ ಎಲ್ಲ ಇಂಗ್ಲಿಷಲ್ಲೇ ಇರುತ್ತಂತೆ. ಎಐ ಇರೋವಾಗ ಕನ್ನಡದಲ್ಲಿ ಬರೆಯೋರು ಇನ್ನೆಷ್ಟು ದಿನ ಅಂತಾನೂ ಆಫೀಸಲ್ಲಿ ಅಂತಿದ್ರು.

ರಾತ್ರಿಪಾಳಿ · ಮಂಗಳವಾರ ರಾತ್ರಿ 11.58

ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋಷ್ಟು ಬೇಕೇ ಬೇಕು, ತಪ್ಪಿಸ್ಕೊಳ್ಳೋಕಾಗಲ್ಲ. ಕೋರ್ಟ್ ತೀರ್ಪು ಓದಬೇಕಲ್ಲ. 2018ರ ಫೆಬ್ರುವರಿ 16ರ ಕಾವೇರಿ ತೀರ್ಪು ತೆಗೆದು ನೋಡು. ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ್ದು 177.25 ಟಿಎಂಸಿ ಅನ್ನೋ ಒಂದು ಸಂಖ್ಯೆ ಎಲ್ಲರಿಗೂ ಗೊತ್ತು. ಅದು ಯಾವ ಲೆಕ್ಕದಿಂದ ಬಂತು ಅನ್ನೋದು ತೀರ್ಪಿನೊಳಗೆ ಇಳಿದವರಿಗೆ ಮಾತ್ರ. ನಾನೂ ಸರ್ಕಾರಿ ಕನ್ನಡ ಶಾಲೆಯವನೇ. ಮೊದಲ ಸೆಮಿಸ್ಟರ್ ನಿಘಂಟು ಪಕ್ಕದಲ್ಲಿ ಇಟ್ಕೊಂಡೇ ಕಳೆದೆ, ಎರಡನೆಯದರಲ್ಲಿ ಅದರ ಮೇಲೆ ಟೀ ಲೋಟ ಇಡ್ತಿದ್ದೆ.

ಎಐ ಬಗ್ಗೆ: ಮೊನ್ನೆ ಯಂತ್ರಾನುವಾದದ ಸುದ್ದಿಯೊಂದು ನನ್ನ ಕೈಗೆ ಬಂತು, "ಕಾವೇರಿ ಬ್ಯಾಂಕಿನ ಗ್ರಾಹಕರಿಗೆ ಎಚ್ಚರಿಕೆ" ಅಂತ. ದಡಕ್ಕೂ ಇಂಗ್ಲಿಷಲ್ಲಿ ಬ್ಯಾಂಕ್ ಅಂತಾರಲ್ಲ, ನದಿ ದಡದ ಜನಕ್ಕೆ ಪ್ರವಾಹದ ಮುನ್ನೆಚ್ಚರಿಕೆ ಅದು! ನಗಬೇಡ, ಇಂಥದ್ದು ದಿನೇ ದಿನೇ ಕಮ್ಮಿ ಆಗ್ತಿದೆ, ನಾಳೆ ಯಂತ್ರ ಇದನ್ನೂ ಸರಿಯಾಗಿ ಬರೆಯುತ್ತೆ. ಆದರೆ ಆಲೆಮನೆ ಅಣ್ಣನ ಹತ್ತಿರ ಹೋಗಿ ಮಾತು ರೆಕಾರ್ಡ್ ಮಾಡಿ ಅಕ್ಷರಕ್ಕೆ ಇಳಿಸೋಕೆ ಕೊಡು ನೋಡೋಣ. "ಬುಡಕ್ಕಿಲ್ಲ", "ಆಯ್ತದೆ" ಬಂದ ಕಡೆ ತಡವರಿಸುತ್ತೆ.

ಇನ್ನೊಂದು ಕನ್ನಡದ್ದೇ ಗೋಳು ಇದೆ, ಪಠ್ಯದಲ್ಲಿ ಇರಲ್ಲ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಮಾಡಿದ ಸರ್ಕಾರಿ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಡು, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಸುರಿಯುತ್ತೆ. ಎಲ್ಲ ಕಂಪ್ಯೂಟರೂ ಓದೋ ಯೂನಿಕೋಡಲ್ಲ ಅದು. ಹುಡುಕಿದರೆ ಸಿಗಲ್ಲ, ಎಕ್ಸೆಲಿಗೆ ಹಾಕಿದರೆ ಬರಲ್ಲ. ಪರಿವರ್ತಕಕ್ಕೆ ಕೊಟ್ಟರೆ ಅರ್ಕಾವತ್ತು ಎಲ್ಲೋ, ಒತ್ತಕ್ಷರ ಎಲ್ಲೋ. ಕನ್ನಡದಲ್ಲಿ ಡೇಟಾ ಪತ್ರಿಕೋದ್ಯಮ ಅಂದ್ರೆ ಅರ್ಧ ಕೆಲಸ ಈ ಕಸ ಗುಡಿಸೋದೇ. ಇದು ಬರೋರು ಇಡೀ ಡೆಸ್ಕಿನಲ್ಲಿ ಒಬ್ಬಿಬ್ಬರು. ರಜಾ ಕೇಳಿದರೂ ಕೊಡಲ್ಲ ಅವರಿಗೆ!

ಅತಿಥಿ ಮೇಷ್ಟ್ರು · ಬುಧವಾರ ಬೆಳಿಗ್ಗೆ 10.05

ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯ ಈಗಲೇ ಕೈಯಲ್ಲಿದೆ ನಿನಗೆ. ನಲವತ್ತರಲ್ಲಿ ಮೂವತ್ತು ಜನ "ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ" ಅಂತ ಬರೀತಾರೆ, ಗೆಳೆಯರಿಗೇ ಪ್ರಶ್ನಾವಳಿ ಹಂಚಿ. ಓದಿ ಓದಿ ನನಗೆ ಬಾಯಿಪಾಠ. ನೀನು ನಾಲೆಯ ಕೊನೇ ಭಾಗ ತಗೋ. ಕಟ್ಟೆಯ ಮಟ್ಟ, ನಾಲೆಗೆ ಬಿಟ್ಟ ದಿನ, ಕೊನೇ ಗದ್ದೆಗೆ ತಲುಪಿದ ದಿನ. ಮೂರು ಕಾಲಮ್ಮು. ದಿನದ ಮಟ್ಟ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿಯಲ್ಲಿ ಸಿಗುತ್ತೆ. ಹಳೆಯದಕ್ಕೆ, ಅಡಿವಾರು ಕೋಷ್ಟಕಕ್ಕೆ ಕಾವೇರಿ ನೀರಾವರಿ ನಿಗಮಕ್ಕೆ ಆರ್‌ಟಿಐ ಹಾಕು. ಮೂರನೇ ಕಾಲಮ್ಮು ಯಾವ ಇಲಾಖೆಯಲ್ಲೂ ಇರಲ್ಲ, ನೀರುಗಂಟಿಯ ಬಾಯಲ್ಲಿ ಇರುತ್ತೆ.

ನಾಲೆಬದಿ · ಬುಧವಾರ ರಾತ್ರಿ 8.45

ಗಂಗೋತ್ರಿಗೆ ಅರ್ಜಿ ತುಂಬಿದೆ. ಅಪ್ಪ ಇನ್ನೂ ಮಾತಾಡಿಲ್ಲ, ಆದರೆ "ನೀರುಗಂಟಿ ಸಂಜೆ ಅರಳಿಕಟ್ಟೆ ಹತ್ರ ಇರ್ತಾನೆ" ಅಂತ ಯಾರಿಗೋ ಹೇಳೋ ಥರ ಹೇಳಿದ್ರು.

ಆರ್‌ಟಿಐ ಅರ್ಜಿ ಬರೆದಿದ್ದೀನಿ. ಕೆಆರ್‌ಎಸ್‌ನ ಅಡಿವಾರು ಸಂಗ್ರಹ ಕೋಷ್ಟಕ, ಹತ್ತು ವರ್ಷದ ದಿನವಾರು ಮಟ್ಟ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮತ್ತು ನಿಲ್ಲಿಸಿದ ದಿನಾಂಕ, ಮತ್ತೆ ನಾಲೆ ಆಧುನೀಕರಣದ ಖರ್ಚು. ಪೀಠಿಕೆಯಲ್ಲಿ ನಾನು ಯಾಕೆ ಕೇಳ್ತಿದ್ದೀನಿ ಅಂತ ಒಂದು ಪ್ಯಾರಾ. ಸರಿನಾ?

ಆಲೆಮನೆ · ಬುಧವಾರ ರಾತ್ರಿ 9.30

ಪೀಠಿಕೆ ಹೊಡ್ದಾಕು. ಯಾಕೆ ಕೇಳ್ತಿದ್ದೀಯ ಅಂತ ಏಳೋ ಅಗತ್ಯ ಕಾಯ್ದೇಲೇ ಇಲ್ಲ. ನಮ್ ರಾಜ್ಯದ ನಿಯಮದಾಗೆ ಅರ್ಜಿ 150 ಪದ ಮೀರಬಾರ್ದು, ಒಂದೇ ವಿಷಯ ಇರ್ಬೇಕು. ನಿಂದು ಎಷ್ಟದೆ ಎಣ್ಸು. ಖರ್ಚಿನ ವಿಷ್ಯ ಸೇರ್ಸಿದ್ರೆ "ಎರಡು ವಿಷಯ" ಅಂತ ಅದನ್ನೇ ನೆಪ ಮಾಡ್ಕೊಂಡು ವಾಪಸ್ ಕಳಿಸ್ತಾರೆ, ನಂಗೆ ಮೂರು ಸತಿ ಆಗದೆ. ನೀರಿಂದು ಒಂದು ಅರ್ಜಿ, ದುಡ್ಡಿಂದು ಇನ್ನೊಂದು. ಒಂದೊಂದಕ್ಕೆ ಹತ್ತು ರೂಪಾಯಿ ಪೋಸ್ಟಲ್ ಆರ್ಡ್ರು.

ನಾಲೆಬದಿ · ಬುಧವಾರ ರಾತ್ರಿ 9.52

ಎಣಿಸಿದೆ ಅಣ್ಣ, 212 ಇತ್ತು. ಈಗ ನೀರಿನ ಅರ್ಜಿ 94 ಪದ.

ಆಲೆಮನೆ · ಬುಧವಾರ ರಾತ್ರಿ 10.01

ಸ್ಪೀಡ್ ಪೋಸ್ಟಲ್ಲಿ ಕಳ್ಸು, ರಸೀದಿ ಫೋಟೊ ತೆಗ್ದಿಟ್ಕೊ. ಮೂವತ್ತು ದಿನ ಅವ್ರಿಗೆ ಟೈಮು. ಅಷ್ಟ್ರಲ್ಲಿ ನೀರುಗಂಟಿನ ಮಾತಾಡ್ಸು, ಅವನು ಬೆಳಗ್ಗೆ ಸಿಕ್ಕಾಕಿಲ್ಲ, ಸಂಜೆ ಓಗು.